ಬೆಳ್ಳಿ ಕರಡಿಗಿ

ನಗೂದಿದ್ರ ಈಗ ಎದ್ದ ಹೋಗ್ರಿ. ನಡುವ ಯಾರೂ ಖೀ ಖೀ ಅನಬಾರದು. ಇದು ನಮ್ಮ ಬಾಜು ಮನಿ ಅಕ್ಕವ್ವನ ಮಗಳು ನಾಗರತ್ನಾಗ ಆಗಿದ್ದು, ಹೋದ ಬ್ಯಾಸಗಿಯೊಳಗ, ಇಲ್ಲೇ ನಮ್ಮ ಖಾನಾಪುರದಾಗ.

ಗೋವಾದ ಬಸ್ಸು ಆಕೀನ್ನ ಜಾಂಬೋಟಿಯೊಳಗ ಇಳಿಸಿ ಹೋತು. ಅಲ್ಲಿಂದ ಒಂದು ಟಂಟಂ ಸಿಕ್ಕಿತು, ಅದೂ ಊರ ಹೊರಗಿನ ತಿರುವಿನ್ಯಾಗ ಬಿಟ್ಟಿತು. ಹೊತ್ತಾಗಿತ್ತು. ಕರೆಂಟ್ ಹೋಗಿತ್ತು. ತವರುಮನಿ ಹಾದಿಯೊಳಗ ಆ ಹಳೇ ಬಾವಿ ಐತಲ್ಲ... ಕಟ್ಟಿ ಒಡದದ್ದು... ಅದನ್ನ ದಾಟಿ ಬರಬೇಕು. ಒಬ್ಬಾಕಿನ ನಡಕೋತ ಹೊಂಟಿದ್ದಳು, ಚೀಲಾ ಎದಿಗೆ ಅವಚಿಕೊಂಡು. ಚೀಲದಾಗ ಬೆಳ್ಳಿ ಕರಡಿಗಿ. ಕರಡಿಗಿಯೊಳಗ ತಮ್ಮನ ಇಷ್ಟಲಿಂಗ.

ತಮ್ಮ ಅಂದ್ರ ಸುಮಿತ. ಅಂವ ಇಲ್ಲ ಈಗ. ಅದರ ಹಿಂದಿನ ಬ್ಯಾಸಗಿಯೊಳಗ ಆಕಿ ಗಂಡ ದುಡಿಯೂ ಗ್ಯಾರೇಜಿನವರು, ಬೆಳಗಾವಿ ಆಟೋ ನಗರದವರು, ಗಾಡಿ ಮಾಡಿಕೊಂಡು ಗೋವಾದ ಬೀಚಿಗೆ ಹೊಂಟಿದ್ದರು. "ನೀನೂ ಬಾರೋ" ಅಂತ ಇವನ್ನ ಕರದಾಕಿ ನಾಗರತ್ನಾನ. ಹುಡುಗ ಮಲಪ್ರಭಾದಾಗ ಈಸಿ ಬೆಳದಾಂವ. ಸಮುದ್ರದ ಗುಣ ನಮಗೇನ್ ಗೊತ್ತು? ನೀರಿಗೆ ಓಡೂ ಹೊತ್ತಿಗೆ ಈಕಿ ತಡದಳು.

"ಏ, ಕರಡಿಗಿ ಬಿಚ್ಚಿ ಕೊಡು. ಬೆಳ್ಳೀದು. ತೆರಿ ಎಳಕೊಂಡು ಹೋದ್ರ ಅವ್ವ ಜೀವಾ ತಿಂತಾಳ."

ಅಂವ ಕೊರಳಾಗಿಂದ ತಗದು ಕೊಟ್ಟ. "ಜ್ವಾಕಿ ಅಕ್ಕಾ" ಅಂದ. ಅಷ್ಟ ನೋಡ್ರಿ. ತೆರಿ ಅವನ್ನ ಎಳಕೊಂಡು ಹೋತು. ಹೆಣಾ ಸುದ್ದಾ ಸಿಗಲಿಲ್ಲ. ಬೆಳ್ಳಿ ಉಳೀತು.

ಅವತ್ತಿನಿಂದ ಅಕ್ಕವ್ವ ಮಗಳ ಕೈಲೆ ಒಂದು ಗುಟಕ ನೀರ ಕುಡದಿಲ್ಲ. "ಲಿಂಗ ಕಟ್ಟಿದವರು ದೆವ್ವ ಆಗೂದಿಲ್ಲ. ನನ್ನ ಮಗನ್ನ ಬರೇ ಕೊರಳಲೆ ಕಳಿಸಿದಿ. ಎಲ್ಲಿ ಅಲೀತಾನೋ ಏನೋ" ಅಂತ ಬಂದವರ ಮುಂದ, ಹೋದವರ ಮುಂದ ಅದನ್ನ ಹೇಳಿದಳು. ನಮ್ಮೊಳಗ ಸತ್ತವರ ಅಂಗೈಯಾಗ ಲಿಂಗ ಇಟ್ಟು ಮಣ್ಣ ಮಾಡತೀವಿ. ಇಲ್ಲಿ ಲಿಂಗ ಐತಿ, ಅಂಗೈ ಇಲ್ಲ. ಕಡೀಕ ಅಯ್ಯನವರನ್ನ ಕೇಳಿದರು. ದೇಹ ಎಲ್ಲಿ ಹೋತೋ ಲಿಂಗಾನೂ ಅಲ್ಲೇ ಹೋಗಲಿ, ಸಮುದ್ರಕ್ಕ ಬಿಟ್ಟು ಬರ್ರಿ ಅಂದರು. ಅಕ್ಕವ್ವ ಮಗಳ ಮಾರಿ ನೋಡದ ಅಂದಳು, "ಬಿಚ್ಚಿಸಿದಾಕಿ ನೀನು, ಕೊಟ್ಟು ಬರಾಕೀನೂ ನೀನ. ಕೊಟ್ಟು ಬಂದ ಮ್ಯಾಲ ಈ ಹೊಸ್ತಲಾ ದಾಟು."

ಹೋದಳು. ರವಿವಾರ, ಸಾಲಿ ಸೂಟಿ ಬ್ಯಾರೆ. ಬೀಚಿನ್ಯಾಗ ಕಾಲಿಡಾಕ ಜಾಗಾ ಇಲ್ಲ. ತಮ್ಮ ಮುಳುಗಿದ ಜಾಗಾದಾಗ ಬೆಳಗಾವಿ ಮಂದಿ ಕುಣ್ಯಾಕತ್ತಿದ್ದರು. "ಅಕ್ಕಾರ, ನಮ್ದೊಂದು ಫೋಟೋ ಹೊಡೀರಿ" ಅಂತ ಈಕಿ ಕೈಯಾಗ ಮೊಬೈಲ್ ಕೊಟ್ಟರು. ಹೊಡದಳು, ಪಾಪ. ಆಮ್ಯಾಲ ಮೊಣಕಾಲಮಟ ನೀರಿಗೆ ಇಳದು ಕಣ್ಣ ಮುಚ್ಚಿ ಕರಡಿಗಿ ಬಿಟ್ಟಳು. ಪೀಂ... ಅಂತ ಸೀಟಿ. ದಂಡಿ ಕಾಯಾಂವ ಓಡಿ ಬಂದ, ಕೆಂಪು ನಿಶಾನಿ ತೋರಿಸಿ ಬೈದ. ತೆರಿ ಹಿಂದ ಸರದಾಗ ಉಸುಕಿನ್ಯಾಗ ಕರಡಿಗಿ ಹೊಳೀತು. ಅಂವ ತಾನ ಬಗ್ಗಿ ಎತ್ತಿದ, ಒರಸಿದ, ಈಕಿ ಕೈಯಾಗ ಇಟ್ಟ. "ಚಾಂದೀ ಆಹೇ ಬಾಯಿ, ಸಾಂಭಾಳಾ" ಅಂದ. ಬೆಳ್ಳಿ ಐತಿ, ಜ್ವಾಕಿ ಮಾಡ್ರಿ ಅಂತ. ಜ್ವಾಕಿ ಅನ್ನೂ ಮಾತ ಕೇಳಿ ಆಕಿ ಕರಡಿಗಿ ಚೀಲದಾಗ ಹಾಕಿಕೊಂಡಳು. ಮತ್ತ ಬಿಡಾಕ ಆಗಲಿಲ್ಲ. ತಿರುಗಿ ಬಸ್ ಹತ್ತಿದಳು.

ಈಗ ಬಾವಿ ಹತ್ರ ಬಂದಾಳ. ಅವ್ವನ ಮುಂದ ಏನ್ ಹೇಳಲಿ ಅನ್ನೂದೊಂದ ತಲಿಯೊಳಗ.

ಬಾವಿಯೊಳಗ ಗುಳುಂ... ಅಂತು. ಕಪ್ಪಿ ಇದ್ದೀತು ಅಂದಕೊಂಡಳು. ನಾಕ ಹೆಜ್ಜಿ ಇಟ್ಟಳು. ಹಿಂದ... ಪಚಕ್... ಪಚಕ್... ತೊಯ್ದ ಕಾಲಿನ ಸಪ್ಪಳ. ಬ್ಯಾಸಗಿ ಹಾದಿ, ಬರೇ ಧೂಳ. ಆಕಿ ನಿಂತಳು. ಅದೂ ನಿಂತತು. ಗಾಳಿ ಇಲ್ಲ, ಗಪ್ಪನ್ನ ಉಪ್ಪನೀರ ವಾಸನಿ ಬಂತು.

"ಅಕ್ಕಾ..."

ಆಕಿ ತಿರುಗಲಿಲ್ಲ. "ಸುಮ್ಯಾ?"

"ಜ್ವಾಕಿ ಅಂದಿದ್ದೆ. ಐತಿ?"

"ಐತೋ."

"ಕೊಡು."

ಚೀಲದಾಗಿಂದ ತಗದು ಕೈ ಹಿಂದ ಚಾಚಿದಳು. ಬೆರಳು ತಾಕಿದವು. ತಣ್ಣಗ... ಉಸುಕು ಮೆತ್ತಿದ್ದವು. ಟಿಕ್ ಅಂತ ಮುಚ್ಚಳಾ ತಗದ ಸಪ್ಪಳ.

"ನನ್ನ ಮ್ಯಾಲ ಸಿಟ್ಟ ಐತೇನೋ?" ಅಂದಳು.

ಪಚಕ್... ಪಚಕ್... ಸಪ್ಪಳ ಆಕೀನ್ನ ದಾಟಿ ಮುಂದ ಹೋತು. ಮನಿ ಕಡೆ. ಕಣ್ಣಿಗೆ ಮಾತ್ರ ಏನೂ ಕಾಣಲಿಲ್ಲ.

ಅಕ್ಕವ್ವ ಬ್ಯಾಟರಿ ಹಿಡಕೊಂಡು ಬಾಗಲದಾಗ ನಿಂತಿದ್ದಳು.

"ಬಿಟ್ಟು ಬಂದಿ?"

"ಕೊಟ್ಟೆ ಅವ್ವಾ. ಇಲ್ಲೇ, ಬಾವಿ ಹತ್ರ... ಅವನ ಕೈಯಾಗನ ಕೊಟ್ಟೆ."

ಅಕ್ಕವ್ವ ಚೀಲಾ ಕಸಗೊಂಡು ಡಬ್ಬ ಹಾಕಿ ಝಾಡಿಸಿದಳು. ಬಸ್ಸಿನ ಟಿಕೀಟು ಬಿತ್ತು, ಮತ್ತೇನಿಲ್ಲ.

"ಮಾರಿದಿ. ಬೆಳ್ಳಿ ಮ್ಯಾಲ ಅವತ್ತೂ ನಿನ್ನ ಕಣ್ಣ, ಇವತ್ತೂ ನಿನ್ನ ಕಣ್ಣ."

ಬಾಗಲಾ ಮುಚ್ಚಿ ಅಗಳಿ ಹಾಕಿದಳು. ಹೆತ್ತ ಮಗಳನ್ನ ಕತ್ತಲದಾಗ ಹೊರಗ ಬಿಟ್ಟು. ನಾಗರತ್ನಾ ಬೆಳತನಕ ಬಾಗಲ ಮುಂದಿನ ಕಟ್ಟಿ ಮ್ಯಾಲ ಕುಂತಿದ್ದಳು. ನಸಿಕಲೆ ನೀರಿಗೆ ಎದ್ದಾಗ ನಾನ ನೋಡೇನಿ, ಈ ಕಣ್ಣಲೆ. ಕರದು ಚಾ ಕೊಟ್ಟೆ, ಅಷ್ಟೊತ್ತಿಗೆ ಅಕ್ಕವ್ವ ಒಳಗಿಂದ ಚಿಟ್ಟನ ಚೀರಿದಳು. ಓಡಿ ಹೋದ್ವಿ. ಅಕ್ಕವ್ವ ತಾನ ಒಳಗಿಂದ ಅಗಳಿ ತಗದಳು.

ದೇವರ ಜಗಲಿ ಮ್ಯಾಲ ಕರಡಿಗಿ ಕುಂತಿತ್ತು. ಮುಚ್ಚಳಾ ತಗದಿತ್ತು. ಒಳಗ ಒಂದು ಚಿಟಿಗಿ ಹಸಿ ಉಸುಕು. ಲಿಂಗ ಇರಲಿಲ್ಲ.

ಅಂವಗ ಬೇಕಾದದ್ದು ಅಂವ ಒಯ್ದಿದ್ದ. ಅವ್ವಗ ಬೇಕಾದ ಬೆಳ್ಳಿ ಅವ್ವಗ ಬಿಟ್ಟಿದ್ದ. ನನಗ ಅದು ಅಲ್ಲೇ ತಿಳೀತು. ಅಕ್ಕವ್ವಗ ತಿಳೀಲಿಲ್ಲೇನು? ಅಗಳಿ ಹಾಕಿದಾಕಿ ಆಕೀನ. ಆದ್ರೂ ಮಗಳ ಕಡೆ ಹೊಳ್ಳಿ, "ನೀನ ಇಟ್ಟಿ. ಲಿಂಗಾ ಎಲ್ಲಿ ಒಗದಿ?" ಅಂದಳು. ನಾಗರತ್ನಾ ಮೊದಲನೇ ಬಸ್ಸಿಗೆ ಬೆಳಗಾವಿಗೆ ಹೋದಳು. ಇವತ್ತಿಗೂ ಆ ಹೊಸ್ತಲಾ ತುಳದಿಲ್ಲ. ಸತ್ತಾವನ ಸಿಟ್ಟ ಇಳೀತು, ಬದುಕಿದಾಕಿದು ಇಳೀಲಿಲ್ಲ, ಏನ್ ಮಾಡತೀರಿ.

ಸುಳ್ಳ ಅನ್ನವರು ಅಕ್ಕವ್ವನ ಮನಿಗೆ ಹೋಗಿ ನೋಡ್ರಿ. ಕರಡಿಗಿ ಅಲ್ಲೇ ಐತಿ. ದಿನಾ ವಿಭೂತಿ ಹಾಕಿ ತಿಕ್ಕತಾಳ, ಬಟ್ಟೀಲೆ ಒರಸತಾಳ. ಮೊನ್ನಿ ಸೋಮವಾರ ನಾ ಹೋದಾಗ ಆಗಷ್ಟ ತೊಳದು ಇಟ್ಟಿದ್ದಳು. ಆಕಿ ಒಳಗ ಹೋದಾಗ ಅದರೊಳಗ ಬೆರಳ ಆಡಿಸಿ ನಾಲಿಗಿಗೆ ಹಚ್ಚಿ ನೋಡಿದೆ.

ಉಪ್ಪ ಇತ್ತು.