ಕೆಳಗಿನ ಸಾಲು

“ನನ್ ಕೆಳಗಿನ ಸಾಲು ಮುಟ್ಬೇಡ ಮಾವ... ಅದ್ರಲ್ಲಿ ನಿನ್ಗೇನೂ ಇಲ್ಲ.”

ನನ್ನ ಹೆಂಡತಿ ವರಲಕ್ಷ್ಮಿ ಕಡೆಯದಾಗಿ ಅಂದದ್ದು ಇದು. ಆಸ್ಪತ್ರೆಯಲ್ಲಿ. ಆಮೇಲೆ ಗೋಡೆ ಕಡೆ ತಿರುಗಿಕೊಂಡಳು.

ಅವಳು ಹೇಳಿದ್ದು ಕಂಪ್ಯೂಟರಿನ ವಿಷಯ. ಕುದೂರಲ್ಲಿ ಅವಳದು ಟೈಪಿಂಗ್ ಅಂಗಡಿ. ಮದುವೆ ಕಾರ್ಡು, ತಿಥಿ ಕಾರ್ಡು. ಆ ಮಿಷಿನ್ನು ಆನ್ ಮಾಡಿದರೆ ಕಪ್ಪು ಪರದೆ ಮೇಲೆ ಎರಡು ಸಾಲು ಬರೋದು. ಮೇಲಿನದು ಹಳೇ ವಿಂಡೋಸ್. ಕಾರ್ಡಿನ ಕೆಲಸಕ್ಕೆ. ಕೆಳಗಿನದು ಲಿನಕ್ಸ್ ಅಂತೆ. ಅದು ಅವಳದು. ಅವಳ ಫೋಟೋ ಎಲ್ಲ ಅದರಲ್ಲೇ. ಬಾಣದ ಗುಂಡಿ ಒತ್ತಿ ಯಾವುದು ಬೇಕೋ ಅದಕ್ಕೆ ಹೋಗಬೇಕು. ನಾನು ಕುರಿ ಮೇಯಿಸೋನು. ನನಗೆ ಗೊತ್ತಿರೋದು ಇಷ್ಟೇ.

ಅವಳ ತಿಥಿ ಕಾರ್ಡು ಮಾಡಿಸೋಕೆ ಹೋದರೆ ಹಳೇ ವಿಂಡೋಸ್ ಕೆಟ್ಟು ಕೂತಿತ್ತು. ಯಾರನ್ನೋ ಹಿಡಿದು ಅದನ್ನೇ ಮತ್ತೆ ಹಾಕಿಸಿದೆ. ಕಾರ್ಡು ಬಂತು. ಎರಡು ಸಾಲು ಹೋಯ್ತು. ಆನ್ ಮಾಡಿದರೆ ಸೀದಾ ಹಳೇದೇ. ಅವಳ ಫೋನು ಆಸ್ಪತ್ರೇಲೇ ಕಳೆದಿತ್ತು. ಮದುವೆ ಆಲ್ಬಂ ಗೆದ್ದಲು ತಿಂದಿತ್ತು. ಅವಳ ಮುಖ ಮಿಷಿನ್ನಿನ ಒಳಗೇ ಉಳೀತು.

ಪಿತೃಪಕ್ಷ ಬಂತು. ಅವಳಿಗೆ ಮೊದಲ ಎಡೆ. ಯಾವ ಪಟದ ಮುಂದೆ ಇಡಲಿ?

ಮಾಗಡಿಯಿಂದ ರಿಪೇರಿ ಮಾಡೋ ಅನೀಸ್ ಬಂದ. ಅಂಗಡಿಯಿಂದ ಮಿಷಿನ್ನು ಹೆಗಲಿಗೇರಿಸಿ ಮನೆಗೆ ಹೊರಟು ಆಲದಮರದ ಹತ್ರ ಬರೋಷ್ಟರಲ್ಲಿ ಕತ್ತಲು. ಅನೀಸ್ ನಿಂತ.

“ಅಣ್ಣ... ನಿಮ್ಮ ಹೆಗಲ ಮೇಲೆ ಗುಂಯ್ ಅಂತೈತೆ.”

ಮಿಷಿನ್ನಿಗೆ ಕರೆಂಟಿಲ್ಲ. ವೈರು ನನ್ನ ಕೈಯಲ್ಲಿ ಸುತ್ತಿಕೊಂಡಿತ್ತು. ಒಳಗೆ ಫ್ಯಾನು ತಿರುಗ್ತಿತ್ತು.

“ಗಾಳಿ ಕಣಪ್ಪ. ನಡಿ.”

ಮನೇಲಿ ಪೆನ್ ಡ್ರೈವ್ ಹಾಕಿ ಏನೇನೋ ಒತ್ತಿದ. “ವರಲಕ್ಷ್ಮಕ್ಕಂದು ಎಲ್ಲೂ ಹೋಗಿಲ್ಲಣ್ಣ. ಹಳೇದ್ನ ಹಾಕ್ದಾಗ ಬಾಗ್ಲು ಮುಚ್ಕೊಂಡೈತೆ, ಅಷ್ಟೆ.”

ಎರಡು ಸಾಲೂ ಬಂತು. ಕೆಳಗಿನದಕ್ಕೆ ಹೋದ. ಪರದೆ ತುಂಬ ವರಲಕ್ಷ್ಮಿ. ನಗ್ತಿದ್ದಳು. ನಾನು ಕೈ ಮುಗಿದೆ.

ದೊಡ್ಡಲಕ್ಷ್ಮಮ್ಮ ಹಿಂದೆ ನಿಂತಿದ್ದಳು. ನನ್ನ ಒಡಹುಟ್ಟಿದ ಅಕ್ಕ. ಅವಳ ಮಗಳನ್ನೇ ನಾನು ಮದುವೆಯಾಗಿದ್ದು.

“ಬದುಕಿದ್ದಾಗ ಒಂದಿನ ತಿರುಗಿ ನೋಡ್ಲಿಲ್ಲ. ಈಗ ಮಿಷಿನ್ನಿಗೆ ಕೈ ಮುಗೀತಾನೆ. ಆ ಪಟ ತೆಗ್ಸಿದ್ದು ನೀನು ಮನೇಲಿಲ್ದಾಗ ಕಣ್ಲಾ. ಅದ್ಕೇ ನಗ್ತಾವ್ಳೆ.”

ನಾನು ಎಲೆ ತರೋಕೆ ಹೋದೆ.

ಪರದೆ ಮುಂದೆಯೇ ಎಲೆ ಹಾಕಿದೆವು. ಅಕ್ಕ ಬಾಡಿನ ಸಾರು, ವಡೆ ಬಡಿಸಿದಳು. ಮುದ್ದೆ ಕಟ್ಟಿ ಇಟ್ಟದ್ದು ನಾನು. ಅವಳ ಸೀರೆ ಇಟ್ಟೆ. ಪದ್ಧತಿಯಂತೆ ಬಾಗಿಲು ಹಾಕಿಕೊಂಡು ಹೊರಗೆ ನಿಂತೆವು.

ಟಕ್.

“ಬೆಕ್ಕಾ?” ಅಂದೆ, ಮೆತ್ತಗೆ.

ಅನೀಸ್ ಜಗಲಿ ತೋರಿಸಿದ. ಬೆಕ್ಕು ಅಲ್ಲೇ ಮಲಗಿತ್ತು.

ಟಕ್... ಟಕ್. ಪ್ಲಾಸ್ಟಿಕ್ಕಿಗೆ ಉಗುರು ತಾಗಿದಂಗೆ. ಆಮೇಲೆ ಕಿರ್ರ್... ಏನೋ ಮೀಟಿ ಕಿತ್ತಂಗೆ.

“ಬಾಗ್ಲು ತೆಗೀಲಾ ಅಕ್ಕ?”

“ನನ್ನ ಮಗ್ಳು ಉಣ್ತಾವ್ಳೆ. ಸುಮ್ಕಿರ್ಲಾ.”

ಎಲ್ಲ ನಿಂತ ಮೇಲೆ ತೆಗೆದೆವು. ಅಕ್ಕ ಬಡಿಸಿದ ಸಾರಿನಲ್ಲಿ ಬೆರಳಾಡಿಸಿದ ಗುರುತು. ವಡೆ ಅರ್ಧ ಇತ್ತು. ನನ್ನ ಮುದ್ದೆ ಇಟ್ಟಂಗೇ ಇತ್ತು. ಪರದೆ ಮೇಲೆ ಅವಳಿಲ್ಲ. ಕಪ್ಪು. ಎರಡು ಸಾಲು. ಯಾವುದು ಬೇಕು ಅಂತ ತೋರಿಸೋ ಬಿಳೀ ಪಟ್ಟಿ ಮೇಲಿನ ಸಾಲಿನ ಮೇಲೆ ಕೂತಿತ್ತು.

ಕೀಬೋರ್ಡಿನಲ್ಲಿ ಕೆಳಗಿನ ಬಾಣದ ಗುಂಡಿ ಇರಲಿಲ್ಲ.

ಟಾರ್ಚ್ ಹಾಕಿ ನೆಲವೆಲ್ಲ ಹುಡುಕಿದೆವು. ಇಲ್ಲ. ಗುಂಡಿ ಇದ್ದ ಜಾಗಕ್ಕೆ ಅನೀಸ್ ಪೆನ್ನು ಒತ್ತಿದ. ಪಟ್ಟಿ ಇಳೀಲಿಲ್ಲ. ಕೆಳಗಿನ ಸಾಲು ಕಣ್ಣಿಗೆ ಕಾಣ್ತಿತ್ತು. ಹೋಗೋಕೆ ಆಗಲಿಲ್ಲ.

“ಬೆಳಿಗ್ಗೆ ಬೇರೆ ಕೀಬೋರ್ಡು ತತ್ತೀನಣ್ಣ,” ಅಂದ. ಪೆನ್ನು ಅಲ್ಲೇ ಬಿಟ್ಟು ಹೊರಟ.

ಅಕ್ಕ ಸೀರೆ ಮಡಿಸಿಕೊಂಡು, “ಸತ್ಮೇಲೂ ಅವ್ಳಿಗೆ ನಿನ್ ಮುದ್ದೆ ಬ್ಯಾಡಾಯ್ತು,” ಅಂದು ಒಳಗೆ ಹೋದಳು.

ಎಡೆಯದನ್ನ ಬಿಸಾಕಬಾರದು. ಬೆಳಿಗ್ಗೆ ಆ ಮುದ್ದೆ ಇಟ್ಟುಕೊಂಡು ಕೂತೆ. ಮುರಿದೆ. ನಡೂಮಧ್ಯೆ ಆ ಗುಂಡಿ.

ಹಿಟ್ಟು ತಿರುವಿದ್ದು ನಾನು. ಕಟ್ಟಿದ್ದು ನಾನು. ಆಗ ಗುಂಡಿ ಕೀಬೋರ್ಡಿನಲ್ಲೇ ಇತ್ತು. ಮುದ್ದೆ ಮೇಲೆ ಒಂದು ಬಿರುಕಿರಲಿಲ್ಲ. ನಂಬೋರು ನಂಬಿ. ನಡೆದದ್ದು ಹಿಂಗೇ.

ಗುಂಡಿ ತಟ್ಟೆ ಅಂಚಿಗಿಟ್ಟು ಮುದ್ದೆ ಪೂರ್ತಿ ಉಂಡೆ. ಕೈ ತೊಳೆದು ಅನೀಸನಿಗೆ ಫೋನ್ ಮಾಡಿದೆ. ಬರಬೇಡ, ಕೆಳಗಿನದು ಅವಳದು ಅಂದೆ.