ದೇವಿಯ ಬನಕ್ಕೆ ನಾನೂರು ಮೊಳೆ

೨೦೦೮ರ ಒಂದು ಬೆಳಿಗ್ಗೆ ಸ್ವಾರ್‌ಗೇಟ್ ಬಸ್‌ಸ್ಟ್ಯಾಂಡಿನಲ್ಲಿ ಬೆಂಚಿನ ಮೇಲೆ ಕೂತ ಘಟ್ಟದ ಕಾಡಿನ ಕಾವಲುಗಾರ ತಾಯಪ್ಪ ನಡುಗಿದ ನಡುಕಕ್ಕೆ ಅರ್ಧ ಪುಣೆಯ ಕಿಟಕಿಗಳು ಗಡಗಡ ಅಂದವು. ತೊಡೆಯ ಮೇಲೆ ಸುತ್ತಿಗೆ, ಪಕ್ಕದಲ್ಲಿ ಪುಣೆಯಲ್ಲೇ ಇರುವ ಅಕ್ಕ ಅಂಬಾಬಾಯಿ.

"ನಾಳಿ ವಿಲಾಯ್ತಿ ಸಾಹೇಬ ಬರ್ತಾನ ಯಕ್ಕಾ. ತನ್ನ ಕಾರ್ಖಾನಿ ಹೊಗಿಗೆ ಬದ್ಲಿ ಕಾರ್ಬನ್ ಕ್ರೆಡಿಟ್ ಅಂತ ಘಟ್ಟದ ಮಳೆಕಾಡು ಉಳಸಾಕ ರೊಕ್ಕ ಹಾಕಿದಾಂವ."

"ಬರ್ಲಿ. ಕಾಡು ಅದ ಇಲ್ಲೋ?"

"ಒಂದು ಟೊಂಗಿನೂ ಕಡದಿಲ್ಲ. ಖರೆ ಮರಮರಕ್ಕ ನಂಬರಿನ ತಗಡು ಬಡಿ ಅಂತ ಸಾಹೇಬನ ಮಂದಿ ಅಂದಿದ್ರು. ನಾನೂರೂ ಬಡದೀನಿ ಅಂತ ಹೇಳಿಬಿಟ್ಟೀನಿ."

"ಬಡದಿಲ್ಲ?"

"ಅದು ದೇವಿ ಬನ! ಮದಲನೇ ಮೊಳಿ ಬಡದ ಮುಕಾದಮ ಅವತ್ತೇ ಬಿದ್ದು ಕಾಲು ಮುರ್ಕೊಂಡ. ತಗಡೆಲ್ಲಾ ಗುಡಿ ಹಿಂದ ಹುಗದೀನಿ."

"ಮತ್ತೀಗ?"

"ಬಡದ್ರ ದೇವಿ ಬಿಡಂಗಿಲ್ಲ, ಬಡೀಲಿಲ್ಲಂದ್ರ ನೌಕರಿ ಉಳಿಯಂಗಿಲ್ಲ."

"ಹುಚ್ಚಪ್ಪಾ, ದಾರದಿಂದ ಕಟ್ಟು. ವಟಪೂರ್ಣಿಮಾಕ್ಕ ಇಲ್ಲಿ ಹೆಣ್ಮಕ್ಕಳು ಆಲದಮರಕ್ಕ ದಾರಾನ ಸುತ್ತತಾರ. ಯಾವ ದೇವಿ ಸಿಟ್ಟಾಗ್ಯಾಳ?"

"ಒಂದ ದಿನದಾಗ ನಾನೂರಕ್ಕ?"

"ನಾನೂ ಬರ್ತೀನಿ, ಏಳು. ಆ ಸುತ್ತಿಗಿ ಇಲ್ಲೇ ಇಡು."

ಸುತ್ತಿಗೆ ಬೆಂಚಿನ ಮೇಲೆ ಉಳಿಯಿತು. ಅಕ್ಕ-ತಮ್ಮ ಇಬ್ಬರೂ ದಾರದುಂಡೆ ಕೊಂಡು ಬಸ್ಸು ಹತ್ತಿದರು. ಆಮೇಲೆ ಸಾಲಿನಲ್ಲಿದ್ದ ಹತ್ತು ಸಾವಿರ ಜನರಲ್ಲಿ, ಕನ್ನಡ ಬಾರದವರೂ ಸೇರಿ, ದೇವಿಗೆ ಹೆದರಿ ಒಬ್ಬರೂ ಆ ಬೆಂಚಿನ ಮೇಲೆ ಕೂರಲಿಲ್ಲ.