ಹೊಳೆಮ್ಮನ ಕಣ್ಣು ಮತ್ತು ಗಾಜಿನ ಮನೆಯ ಗಿಡಗಳು

ನನ್ನ ಹೆಸರು ಹೊಳೆಮ್ಮ, ಗಂಡ ದಿವಂಗತ ಉಚ್ಚೆಂಗಪ್ಪ, ವಯಸ್ಸು ಸುಮಾರು ನಲವತ್ತೈದು, ಕಸುಬು ಸೊಪ್ಪು ಬೆಳೆದು ಮಾರುವುದು, ವಾಸ ಮಲಪನಗುಡಿ, ಹೊಸಪೇಟೆ ತಾಲ್ಲೂಕು. ಈ ಮೂಲಕ ನಾನಾಗಿಯೇ ಬಂದು ತಿಳಿಸುವುದೇನೆಂದರೆ:

ನಮ್ಮೂರಿನ ಅಕ್ಕಿ ಗಿರಣಿ ಮಾಲೀಕರಾದ ಮರುಳಸಿದ್ದಪ್ಪನವರು ತಮ್ಮ ತೋಟದಲ್ಲಿ ಗಾಜಿನ ಮನೆ ಕಟ್ಟಿಸಿ ಅರವತ್ತು ಟೊಮ್ಯಾಟೊ ಗಿಡ ಬೆಳೆಸಿದ್ದಾರೆ. ಈ ತಿಂಗಳು ಹದಿನಾಲ್ಕರ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಅವರ ಮಾಲಿ ತೋಟಪ್ಪನು ನನ್ನನ್ನು ಒಳಗೆ ಕರೆದನು. ನಾನಾಗಿ ಹೋದವಳಲ್ಲ. ಬುಡದ ಎಲೆಗಳು ಹಳದಿಯಾಗಿ ಕಂದು ಚುಕ್ಕೆ ಬಿದ್ದಿದ್ದವು. ತುದಿಯ ಎಲೆಗಳು ಹಸಿರಾಗಿಯೇ ಇದ್ದವು. ಫಲ ಮುಗಿಯುತ್ತ ಬಂದ ಗಿಡಕ್ಕೆ ಇದು ಆಗುವಂಥದೇ. "ಕೆಳಗಿನ ಎಲಿ ಕಿತ್ತಾಕು, ಕಿಟಕಿ ತಗಿ, ಮ್ಯಾಲಿಂದ ನೀರು ಹಾಕಬ್ಯಾಡ" ಎಂದು ಹೇಳಿ ಬಂದೆನು. ನನ್ನ ತಪ್ಪು ಅಷ್ಟೇ.

ಮರುದಿನ ಹತ್ತು ಗಂಟೆಗೆ ಬೇಲಿಯ ಪಕ್ಕ ಹೋಗುವಾಗ ಗಾಜಿನ ಮನೆಯೊಳಗೆ ಹೊಗೆ ತುಂಬಿತ್ತು. ತೋಟಪ್ಪ ಕೆಮ್ಮುತ್ತ ಹೊರಗೆ ಬಂದನು. ವಿಚಾರಿಸಲಾಗಿ, ಯಜಮಾನರ ಅಪ್ಪಣೆಯಂತೆ ಕಿಟಕಿಗಳನ್ನೆಲ್ಲ ಮುಚ್ಚಿ, ಎರಡು ಸೇರು ಒಣಮೆಣಸಿನಕಾಯಿ ಕೆಂಡಕ್ಕೆ ಸುರಿದು ಗಿಡಗಳ ದೃಷ್ಟಿ ತೆಗೆದುದಾಗಿ ತಿಳಿಸಿದನು. ಯಾರ ದೃಷ್ಟಿ ಎಂದು ಕೇಳಿದ್ದಕ್ಕೆ ನನ್ನ ಕಣ್ಣು ತಪ್ಪಿಸಿ ಗಿರಣಿಯ ಕಡೆ ಹೋದನು. ಸಂಜೆ ನಾಲ್ಕಕ್ಕೆ ನೋಡಿದಾಗ ತುದಿಯ ಎಲೆಗಳೂ ಸುಟ್ಟು ಮುದುಡಿದ್ದವು. ಆಗ ನಾನು ಬೇಲಿಯ ಹೊರಗೆ, ಹತ್ತು ಮಾರು ದೂರದಲ್ಲಿದ್ದೆನು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಹೊಸಪೇಟೆ ಮಾರುಕಟ್ಟೆಯಲ್ಲಿ ಮರುಳಸಿದ್ದಪ್ಪನವರು ನನ್ನ ಬುಟ್ಟಿಯ ಮುಂದೆ ನಿಂತು, "ಈಕಿ ಕಣ್ಣು ಬಿದ್ದು ನನ್ನ ಗಿಡ ಹಾಳಾದ್ವು, ಈಕಿ ಸೊಪ್ಪು ಯಾರೂ ತಗಾಬ್ಯಾಡ್ರಿ" ಎಂದು ಕೂಗಿದರು. ಅಂದಿನಿಂದ ಮೂರು ದಿನ ಒಂದು ಕಟ್ಟೂ ಹೋಗಿಲ್ಲ. ಹನ್ನೆರಡು ವರ್ಷದಿಂದ ನನ್ನಲ್ಲೇ ಪುಂಡಿಸೊಪ್ಪು ಕೊಳ್ಳುತ್ತಿದ್ದ ಕೊಟ್ರಬಸಮ್ಮ ನನ್ನನ್ನು ಕಂಡು ಮೊಮ್ಮಗಳ ಮುಖಕ್ಕೆ ಸೆರಗು ಮುಚ್ಚಿದಳು. ಆ ಕೂಸು ಹುಟ್ಟಿದಾಗ ಬಾಣಂತಿಗೆ ಸಬ್ಬಸಿಗೆ ತಂದುಕೊಟ್ಟವಳು ನಾನೇ. ಹುಟ್ಟಿದಾಗಿನಿಂದ ಎಲೆ ನೋಡಿಯೇ ಬದುಕಿದ್ದೇನೆ. ನನ್ನ ಕಣ್ಣು ಕೆಟ್ಟದ್ದಾಗಿದ್ದರೆ ನನ್ನ ಸೊಪ್ಪಿನ ಮಡಿಯಲ್ಲಿ ಒಂದು ಎಲೆಯೂ ಉಳಿಯುತ್ತಿರಲಿಲ್ಲ.

ಅವರಿಗೆ ದಂಡ ಹಾಕಿರೆಂದು ನಾನು ಕೇಳುವುದಿಲ್ಲ. ಅದೇ ಮಾರುಕಟ್ಟೆಯಲ್ಲಿ, ಅದೇ ಎಂಟು ಗಂಟೆಗೆ, ಅಷ್ಟೇ ಗಟ್ಟಿಯಾಗಿ, ಗಿಡ ಸುಟ್ಟದ್ದು ಮೆಣಸಿನಕಾಯಿ ಹೊಗೆ ಎಂದು ಅವರು ಹೇಳಬೇಕು.

ಇನ್ನೊಂದು ಮಾತು. ಇದನ್ನು ಬರೆದುಕೊಳ್ಳುತ್ತಿರುವ ಪೇದೆಯವರು ನಾನು ಎದುರು ಕೂತ ಕೂಡಲೇ ತಮ್ಮ ವೀಳ್ಯದೆಲೆಯ ಕಟ್ಟನ್ನು ರುಮಾಲಿನಿಂದ ಮುಚ್ಚಿದರು. ಅದನ್ನೂ ಬರೆಯಬೇಕೆಂದು ಹೇಳಿದೆನು. ಬರೆದಿದ್ದಾರೆ.

ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಮಲಪನಗುಡಿ ಚಾವಡಿ
ದಿನಾಂಕ: 18-3-1938
ಹೊಳೆಮ್ಮ, ಎಡಗೈ ಹೆಬ್ಬೆಟ್ಟಿನ ಗುರುತು